ತಿಪ್ಪಣ್ಣನವರ ವಂದನಾರ್ಪಣೆ

ಪರದೇಶದ ಈ ನಮ್ಮೂರಿನ ಯೂನಿವರ್ಸಿಟಿಯ ಕ್ಯಾಂಪಸ್ ರೇಡಿಯೋ ಸ್ಟುಡಿಯೋದಲ್ಲಿ ಫೋನ್ ರಿಂಗಾಗುವುದಿಲ್ಲ. ಯಾರಾದರೂ ಕರೆ ಮಾಡಿದರೆ ಕೆಂಪು ದೀಪ ಮಿನುಗುತ್ತದೆ, ಅಷ್ಟೇ. ಭಾನುವಾರದ ಕನ್ನಡ ಕಾರ್ಯಕ್ರಮ ನನ್ನ ಕೈಗೆ ಬಂದಾಗಿನಿಂದ ಆ ದೀಪ ಮಿನುಗಿದ್ದು ಒಂದೇ ಸಲ. ಅದೂ ಪಿಜ್ಜಾ ತಂದವನು ದಾರಿ ಕೇಳಲು!

ಸ್ಟೇಷನ್ ಮ್ಯಾನೇಜರ್ ಮಾರ್ಲನ್ ಒಳ್ಳೆಯವನೇ. ಆದರೂ ಗಾಜಿನಾಚೆಯ ಬೋರ್ಡಿನಲ್ಲಿ ‘ಕನ್ನಡ’ದ ಮುಂದೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದ. ಸ್ಟೇಷನ್ನಿನ ವಾರ್ಷಿಕೋತ್ಸವಕ್ಕೆ ಪ್ರತಿಯೊಂದು ಭಾಷೆಯವರೂ ತಂತಮ್ಮ ಕಾರ್ಯಕ್ರಮದ ಇತಿಹಾಸ ಹೇಳಬೇಕಿತ್ತು. ಅಂದು ಒಬ್ಬರಾದರೂ ಫೋನ್ ಮಾಡಿದರೆ ನಾವು ಉಳಿದೆವು. ಇಲ್ಲದಿದ್ದರೆ ನಮ್ಮ ಗಂಟೆ ವಿಡಿಯೋ ಗೇಮ್ ಬಗ್ಗೆ ಹರಟುವ ಹುಡುಗರ ಪಾಲು. ನನಗೆ ಮೈಯೆಲ್ಲ ಉರಿಯಿತು. ವಾರವಿಡೀ ವುಡ್‌ಬ್ರಿಡ್ಜಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬೇರೆಯವರ ಬಾಯಿ ತೆರೆಸುವವಳು ನಾನು. ನಾನೇ ಬಾಯಿ ತೆರೆಯುವ ಗಂಟೆ ಇದೊಂದೇ.

ಅದಕ್ಕೇ ಈ ಕಾರ್ಯಕ್ರಮವನ್ನು ವಿದ್ಯಾರ್ಥಿಯಾಗಿದ್ದಾಗ ಹುಟ್ಟುಹಾಕಿದ ತಿಪ್ಪಣ್ಣನವರನ್ನು ರೆಕ್ಸ್‌ಡೇಲಿನಿಂದ ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಧಾರವಾಡದ ಕಡೆಯವರು. ರೇಡಿಯೋದಲ್ಲಿ ಯಾರಿಗೂ ಕಾಣುವುದಿಲ್ಲವೆಂದು ಗೊತ್ತಿದ್ದೂ ಸೂಟಿನ ಮೇಲೆ ಶಾಲು ಹೊದ್ದಿದ್ದರು.

“ಅಂಕಲ್, ಸೀದಾ ಹಿಸ್ಟರಿಗೆ ಬನ್ನಿ, ಆಯ್ತಾ? ಟೈಮಿಲ್ಲ ಮಾರಾಯ್ರೆ,” ಎಂದೆ.

“ಬರ್ತೇನವಾ ನಿಶ್ಮಿತಾ. ಮೊದಲ ನಾಕು ಮಂದಿಗೆ ಥ್ಯಾಂಕ್ಸ್ ಹೇಳಿಬಿಡ್ತೇನಿ. ಹೆಸರು ಬಿಟ್ರ ಮಂದಿ ಸಿಟ್ಟಾಗ್ತಾರ.”

ನಾಲ್ಕು ಮಂದಿ! ಇಷ್ಟೊಂದು ಕನ್ನಡ ಸಂಘದ ಸಭೆಗಳಲ್ಲಿ ಕೂತು, ವಂದನಾರ್ಪಣೆ ಮುಗಿಯುವಷ್ಟರಲ್ಲಿ ಪಲಾವ್ ತಣ್ಣಗಾಗುವುದನ್ನು ಕಣ್ಣಾರೆ ಕಂಡವಳು, ನಾನೂ ನಂಬಿದೆನಲ್ಲ!

ಮೈಕ್ ಆನ್ ಆಯಿತು. ಆಗಿನ ಸ್ಟುಡಿಯೋ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿತ್ತಂತೆ. ಕನ್ನಡದ ಹೊತ್ತಿಗೆ ವಾಷಿಂಗ್ ಮಷೀನುಗಳನ್ನೆಲ್ಲ ನಿಲ್ಲಿಸುತ್ತಿದ್ದ ಕಾವಲುಗಾರನಿಗೆ ವಂದನೆ. ಒದ್ದೆ ಬಟ್ಟೆ ಹಿಡಿದು ಕಾದ ವಿದ್ಯಾರ್ಥಿಗಳಿಗೆ ವಂದನೆ. ಹಿಮದಲ್ಲಿ ಮಾಳಿಗೆ ಹತ್ತಿ ಬಾಗಿದ ಆಂಟೆನಾ ಹಿಡಿದು ನಿಂತ ಉಡುಪಿಯ ಚೋಮನವರಿಗೂ, ಅವರಿಗೆ ಕೈಗವಸು ಹೆಣೆದುಕೊಟ್ಟ ಹೆಂಡತಿ ಅಮ್ಮಣ್ಣಿಯವರಿಗೂ, ಅವರ ಕುಟುಂಬವರ್ಗಕ್ಕೂ ವಂದನೆ. ಮೊದಲ ದಿನ ತಿಪ್ಪಣ್ಣನವರು ಮೈಕ್ ಆನ್ ಮಾಡದೆಯೇ ಇಡೀ ಕಾರ್ಯಕ್ರಮ ನಡೆಸಿದ್ದರಂತೆ. ಅದನ್ನು ಓಡಿಬಂದು ತಿಳಿಸಿದ ಪ್ರೊಫೆಸರರಿಗಂತೂ ವಿಶೇಷ ವಂದನೆ.

ಗಡಿಯಾರ ಓಡುತ್ತಿತ್ತು, ದೀಪ ಸತ್ತು ಬಿದ್ದಿತ್ತು. ಗಾಜಿನಾಚೆ ಮಾರ್ಲನ್ ಕೈಕಟ್ಟಿ ನಿಂತಿದ್ದ. ಸಾಕು ಎಂದು ನಾನು ಕತ್ತು ಕೊಯ್ಯುವಂತೆ ಸನ್ನೆ ಮಾಡಿದರೆ, ಈ ಮಹಾನುಭಾವರು ನನಗೂ ಒಂದು ನಮಸ್ಕಾರ ಹಾಕಿ ಮುಂದುವರಿದರು. ಸಿಟ್ಟೂ ಬಂತು, ನಗುವೂ ಬಂತು. ನಗು ಗೆದ್ದಿತು.

ಕೊನೆಗೂ, “ಯಾರ ಹೆಸರೂ ಬಿಟ್ಟಿಲ್ಲಂತ ಅನಕೊಂಡೇನಿ. ಎಲ್ಲಾರಿಗೂ ಶರಣು,” ಎಂದರು.

ಕೆಂಪು ದೀಪ ಮಿನುಗಿತು! ನಾನು ಕುರ್ಚಿಯಿಂದ ಬೀಳುವಷ್ಟು ಬಗ್ಗಿ ಗುಂಡಿ ಒತ್ತಿದೆ.

“ತಿಪ್ಪಣ್ಣಾ! ನಾ ಚನ್ನಬಸವ್ವ, ಕ್ಲೈನ್‌ಬರ್ಗಿನಿಂದ. ಒದ್ದಿ ಅರಬಿ ಹಿಡಕೊಂಡು ನಿಂತೋರಿಗೂ ಥ್ಯಾಂಕ್ಸ್ ಹೇಳಿದಿ. ನನ್ನ ಹೆಸರು ಎಲ್ಲಿ ಹೋತು?”

ತಿಪ್ಪಣ್ಣನವರ ಮುಖ ಬಿಳಿಚಿಕೊಂಡಿತು. “ಅಕ್ಕಾ, ಯಾರ ಮುಂದೂ ಹೇಳಬ್ಯಾಡಂತ ನೀವ ಆಣಿ ಮಾಡಿಸಿದ್ರೆಲ್ಲ...”

“ಎಂತ ಹೇಳ್ಬಾರ್ದು?” ನನಗೆ ತಡೆಯಲಾಗಲಿಲ್ಲ.

“ತತ್ತಿ ಟ್ರೇ!” ಚನ್ನಬಸವ್ವ ಗುಡುಗಿದರು. “ನೀವು ಮೊಟ್ಟಿ ಅಂತೀರೆಲ್ಲ, ಅದರ ರಟ್ಟಿನ ಟ್ರೇ. ಆ ಖೋಲಿ ಬಾವಿ ಹಂಗ ದನಿ ಹೊಡೀತಿತ್ತು ತಂಗಿ. ಗ್ವಾಡಿಗೆ ತತ್ತಿ ಟ್ರೇ ಬಡದ್ರ ಸರಿ ಹೋಗತೈತಿ ಅಂದ್ರು. ನಾ ಹೋಟೆಲ್ ಕಿಚನ್ನಿನ್ಯಾಗ ಕೆಲಸಕ್ಕಿದ್ನಿ. ಶಿಫ್ಟ್ ಮುಗದ ಮ್ಯಾಲ ಖಾಲಿ ಟ್ರೇ ಕೋಟಿನೊಳಗ ಮುಚಗೊಂಡು ಬಸ್ಸಿಗೆ ತರ್ತಿದ್ನಿ. ನಾನು ಬಸರಿ ಅಂತ ಮಂದಿ ಎದ್ದು ಸೀಟ್ ಕೊಡ್ತಿದ್ರು!”

ತಿಪ್ಪಣ್ಣನವರು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ಲಿಂಗಾಯತರ ಮನಿಗೆ ತತ್ತಿ ಟ್ರೇ ಬಂತಂದ್ರ ನಮ್ಮತ್ತಿ ನನ್ನ ಸುಮ್ನ ಬಿಡ್ತಿದ್ರೇನು? ಈಗ ಅತ್ತಿ ಲಿಂಗೈಕ್ಯ ಆಗಿ ಯಾವ ಕಾಲಾತು. ಇನ್ನ ಯಾರಿಗೆ ಅಂಜಲಿ? ಹೇಳೋ ನನ್ನ ಹೆಸರು!”

ತಿಪ್ಪಣ್ಣನವರು ಎದ್ದು ನಿಂತು, ಕೈಮುಗಿದು ಆ ಹೆಸರು ಹೇಳಿದರು. ಅಷ್ಟರಲ್ಲಿ ಪಕ್ಕದ ಫೋನ್ ಲೈನುಗಳ ದೀಪಗಳೂ ಹೊತ್ತಿಕೊಂಡವು. ಮಿಸ್ಸಿಸಾಗಾದವರೊಬ್ಬರಿಗೆ ಹಾರ್ಮೋನಿಯಂ ಹೊತ್ತು ತಂದ ತಮ್ಮನ್ನು ಮರೆತರೆಂದು ಮುನಿಸು. ಅಮ್ಮಣ್ಣಿಯವರದು ಬೇರೆಯೇ ತಕರಾರು: ಗಂಡನ ಹೆಸರು ಮೊದಲೇಕೆ? ಕೈಗವಸು ಹೆಣೆದದ್ದು ತಾನಲ್ಲವೇ? ಮಾರ್ಲನ್ ಹಲ್ಲುಕಿರಿಯುತ್ತ ಹೋಗಿ ಬೋರ್ಡಿನ ಪ್ರಶ್ನಾರ್ಥಕ ಚಿಹ್ನೆಯನ್ನು ಅಂಗಿಯ ತೋಳಿನಲ್ಲೇ ಒರೆಸಿದ. ನನಗೆ ಕುಣಿಯಬೇಕೆನಿಸಿತು, ಕೂತಲ್ಲೇ ಕುಣಿದೆ.

ಚನ್ನಬಸವ್ವ ಇನ್ನೂ ಲೈನಿನಲ್ಲಿದ್ದರು.

“ಅಮ್ಮ, ನೀವು ಯಾವಾಗ್ಲೂ ಕೇಳ್ತೀರಾ?”

“ನೀ ಬಂದಾಗಿಂದ ಒಂದ ರವಿವಾರನೂ ಬಿಟ್ಟಿಲ್ಲ. ರೊಟ್ಟಿ ಬಡಿಯೂದ ನಿನ್ನ ಮಾತಿನ ಮ್ಯಾಲ.”

“ಒಂದ್ಸಲ ಆದ್ರೂ ಫೋನ್ ಮಾಡ್ಬಹುದಿತ್ತಲ್ಲ? ಯಾರೂ ಕೇಳುದಿಲ್ಲ ಅಂತ ನಾನು ಎಷ್ಟು ಹೆದರಿದ್ದೆ ಗೊತ್ತುಂಟಾ?”

“ಛಲೋ ಮಾತಾಡ್ತಿದ್ದೆಲ್ಲವಾ. ನಡಕ ಬಾಯಿ ಹಾಕಬಾರದಂತ ಸುಮ್ನಿದ್ನಿ.”

ಅಷ್ಟೂ ಭಾನುವಾರಗಳು ಒಟ್ಟಿಗೆ ನೆನಪಾಗಿ ಕಣ್ಣಲ್ಲಿ ನೀರು ಬಂತು. ರೇಡಿಯೋದಲ್ಲಿ ಮೌನವೆಂದರೆ ಮಹಾಪರಾಧ. ತಿಪ್ಪಣ್ಣನವರು ಮೈಕಿನತ್ತ ಕೈ ತೋರಿಸಿದರೂ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

“ಯಾಕ ಸುಮ್ನಾದಿ ತಂಗಿ?” ಫೋನಿನಿಂದ ಚನ್ನಬಸವ್ವ ಕೇಳಿದರು. “ಮಾತಾಡು. ನಾವು ಕೇಳಾಕ್ಹತ್ತೇವಿ.”