ಕುತುಬುದ್ದೀನರ ‘ರೈಟ್’

ಕುತುಬುದ್ದೀನರು ಯಾವ ಹೋಟೆಲಿಗೆ ಹೋದರೂ ಮೊದಲು ಕುರ್ಚಿಯನ್ನು ಹುಡುಕುತ್ತಿರಲಿಲ್ಲ. ನೇರವಾಗಿ ಹಿತ್ತಲಿಗೆ ನಡೆದು, ತೊಳೆಯಲೆಂದು ಒಟ್ಟಿದ ಎಂಜಲು ತಾಟುಗಳ ಎದುರು ಕೈಕಟ್ಟಿ ನಿಂತು, ಯಾರು ಚಟ್ನಿಯನ್ನು ಮುಟ್ಟದೆ ಬಿಟ್ಟಿದ್ದಾರೆ, ಯಾರು ಅರ್ಧ ಇಡ್ಲಿಯನ್ನು ಬದಿಗೆ ಸರಿಸಿದ್ದಾರೆ, ಯಾರು ತಾಟಿನ ಅಂಚನ್ನೂ ಬೆರಳಿನಿಂದ ಬಳಿದು ತಿಂದಿದ್ದಾರೆ ಎಂಬುದನ್ನು, ಮಾಸ್ತರರು ಉತ್ತರಪತ್ರಿಕೆ ತಿದ್ದುವಾಗಿನ ಗಾಂಭೀರ್ಯದಿಂದ ಒಂದೊಂದಾಗಿ ನೋಡುತ್ತಿದ್ದರು. ಗುರುತಿಲ್ಲದ ಹೋಟೆಲಿನವರು ಅವರನ್ನು ಪಾಲಿಕೆಯಿಂದ ಬಂದ ಅಧಿಕಾರಿಯೆಂದು ತಿಳಿದು ಗಾಬರಿಯಿಂದ ನೆಲ ಒರೆಸಲು ತೊಡಗುತ್ತಿದ್ದರು. ಗುರುತಿದ್ದವರು ಒಳಗಿನಿಂದಲೇ, “ಏನಂತಾವ್ರಿ ತಾಟು?” ಎಂದು ಕೂಗುತ್ತಿದ್ದರು.

“ಮಂದಿ ಸುಳ್ಳು ಹೇಳ್ತಾರ ಸರ್, ತಾಟು ಹೇಳಂಗಿಲ್ಲ,” ಎಂದು ಅವರು ನನಗೆ ಹೇಳಿದ್ದು ನಮ್ಮ ಮೊದಲನೆಯ ಭಾನುವಾರವೇ. ನುರಿತ ರಸಿಕನೊಬ್ಬನ ಮಾತೆಂದು ನಾನು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಆ ಮಾತಿನ ಹಿಂದೆ ಏನಿದೆಯೆಂದು ತಿಳಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಎದುರಿಗಿರುವುದು ಬೇಗ ತಿಳಿಯುವುದಿಲ್ಲ.

ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿ ದುಡಿದು ನಿವೃತ್ತರಾದ ಮನುಷ್ಯ. ತಿಕೋಟಾ, ಘೋಣಸಗಿ, ಬಬಲೇಶ್ವರ, ಮಮದಾಪುರ ಎಂದು ಆ ಸುತ್ತಿನ ಹಾದಿಗಳನ್ನೆಲ್ಲ ನಿಂತೇ ಸವೆಸಿದ ಕಾಲುಗಳು ಅವರವು. ಗಟ್ಟಿ ನೆಲದ ಮೇಲೂ ಪಾದಗಳನ್ನು ಅಗಲಿಸಿ, ಸೊಂಟವನ್ನು ಕುರ್ಚಿಯ ಬೆನ್ನಿಗೋ ಬಾಗಿಲ ಚೌಕಟ್ಟಿಗೋ ಆನಿಸಿ, ಮುಂದೆ ಯಾವುದೋ ತಿರುವು ಬರಲಿದೆ ಎಂಬ ಎಚ್ಚರದಲ್ಲಿ ನಿಲ್ಲುತ್ತಿದ್ದರು. ಖಾಕಿ ಕೋಟನ್ನು ಬಿಟ್ಟಿರಲಿಲ್ಲ. ಅದರ ಮೇಲಿನ ಕಿಸೆಯಲ್ಲಿ ಎಂದೂ ಬರೆಯದ ಒಂದು ಪೆನ್ನು, ಕೆಳಗಿನ ಕಿಸೆಯಲ್ಲಿ ತಿಂದ ಮೇಲೆ ಅಗಿಯುವ ಬಡೇಸೋಪಿನ ಪೊಟ್ಟಣ. ಜಗತ್ತಿನ ಎಲ್ಲದರ ಬಗೆಗೂ ಅವರ ಅಭಿಪ್ರಾಯ ಎರಡೇ ಶಬ್ದಗಳಲ್ಲಿ ಮುಗಿಯುತ್ತಿತ್ತು. ಸರಿಬಂದರೆ ‘ರೈಟ್’, ಸರಿಬಾರದಿದ್ದರೆ ‘ಹೋಲ್ಡಾನ್’. ಯಾರದೋ ಮಗನ ಮದುವೆಯ ಸಂಬಂಧಕ್ಕೂ ಅದೇ, ಬದನೆಕಾಯಿಗೂ ಅದೇ.

ಧಾರವಾಡದಿಂದ ವಿಜಯಪುರಕ್ಕೆ ವರ್ಗವಾಗಿ, ಮನೆಮಂದಿಯನ್ನು ಅಲ್ಲಿಯೇ ಬಿಟ್ಟು ಒಬ್ಬನೇ ಬಂದ ನಾನು ಜೋರಾಪುರ ಪೇಠದಲ್ಲಿ ಅವರ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಬಂದ ಮೊದಲ ಭಾನುವಾರ ಬೆಳಗಿನ ಆರಕ್ಕೇ ಬಾಗಿಲು ಬಡಿದರು. “ಏಳ್ರಿ ಸರ್. ನಾಷ್ಟಾ ಮಾಡಾಕ ಹೋಗೂಣು.” ರಜೆಯ ದಿನ ಎಂಟರತನಕ ಮಲಗುವುದು ನನ್ನ ಜನ್ಮಸಿದ್ಧ ಹಕ್ಕೆಂದು ವಾದಿಸಿದೆ. ಅವರು ಆಗಲೇ ಸ್ಕೂಟರಿಗೆ ಕಿಕ್ ಹೊಡೆದಿದ್ದರು. ಅಂದಿನಿಂದ ಭಾನುವಾರಕ್ಕೊಂದು ಹೋಟೆಲು. ಗಾಂಧಿ ಚೌಕದ ಸುತ್ತಿನ ಪೂರಿ-ಭಾಜಿ, ಸ್ಟೇಶನ್ ರಸ್ತೆಯ ಶಿರಾ-ಉಪ್ಪಿಟ್ಟು, ಊರು ದಾಟಿದರೆ ತಿಕೋಟಾದ ಇಡ್ಲಿ, ಬಬಲೇಶ್ವರದ ಮಿರ್ಚಿಭಜಿ. ಒಂದು ಸುತ್ತು ಮುಗಿಯುವತನಕ ಒಮ್ಮೆ ಉಂಡಲ್ಲಿ ಮತ್ತೆ ಕೂಡುವಂತಿಲ್ಲ ಎಂಬುದು ಅವರ ಕಾನೂನು. ಆ ಮುಂಜಾವುಗಳನ್ನು ನೆನೆದರೆ ಇಂದಿಗೂ ನನಗೆ ಹೊಟ್ಟೆಗಿಂತ ಮೊದಲು ಎದೆ ಹಸಿಯುತ್ತದೆ: ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ಹಂದರ, ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿ, ಮುಂದೆ ಆ ಖಾಕಿ ಬೆನ್ನು.

ನಾವು ಹೊರಡುವಾಗ ಅವರ ಹೆಂಡತಿ ಸಕೀನಾ ಭಾಭಿ ಹೊಸ್ತಿಲ ಮೇಲೆ ನಿಂತಿರುತ್ತಿದ್ದರು. “ಮನ್ಯಾಗ ಏನ್ ಕಮ್ಮಿ ಐತ್ರಿ ಸರ್? ಕೇಳ್ರಿ ನಿಮ್ಮ ದೋಸ್ತಗ,” ಎನ್ನುತ್ತಿದ್ದರು. ಧ್ವನಿಯಲ್ಲಿ ನಗೆಯಿರುತ್ತಿತ್ತು, ಕಣ್ಣಿನಲ್ಲಿರುತ್ತಿರಲಿಲ್ಲ. ಕುತುಬುದ್ದೀನರು ಸ್ಕೂಟರಿನ ಕನ್ನಡಿಯನ್ನು ಒರೆಸುತ್ತ ನಿಲ್ಲುತ್ತಿದ್ದರು. ಹೋಟೆಲಿನ ಚಟಕ್ಕೆ ಬಿದ್ದ ಗಂಡಸಿನ ಸಹಜ ನಾಚಿಕೆಯೆಂದು ನಾನು ತಿಳಿದೆ.

ಒಮ್ಮೆ ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಲು ಬಂದ ಭಾಭಿ ತಾವಾಗಿಯೇ ಹೇಳಿದರು. ಮಕ್ಕಳಿಲ್ಲದ ಮನೆ ಅದು, ಒಬ್ಬರಿಗೊಬ್ಬರೇ ಇದ್ದರು. ಮದುವೆಯಾದ ವಾರದಿಂದ ಒಂದು ಪದ್ಧತಿ ಬೆಳೆದಿತ್ತು. ಕುತುಬುದ್ದೀನರು ಮೊದಲು ಕೂಡಬೇಕು, ಮೊದಲ ತುತ್ತು ತಿಂದು ‘ರೈಟ್’ ಅನ್ನಬೇಕು, ಆಮೇಲೆ ಭಾಭಿ ತಮಗೊಂದು ತಾಟು ಹಾಕಿಕೊಂಡು ಎದುರಿಗೆ ಕೂಡಬೇಕು. ಭಾನುವಾರದ ಚುರಮುರಿ ಸುಸಲಾಕ್ಕಂತೂ ಎರಡು ಸಲ ಅನ್ನುತ್ತಿದ್ದರಂತೆ, ತುಂಬಿದ ಬಸ್ಸನ್ನು ಬಿಡುವಾಗ ಅನ್ನುವ ಹಾಗೆ. “ನೀವು ಬರೂಕಿಂತ ಒಂದೂವರಿ ವರ್ಷ ಮೊದಲ ದೊಡ್ಡ ಜ್ವರ ಬಂದ್ ದವಾಖಾನಿಯಿಂದ ಬಂದ ಮ್ಯಾಲ ಒಮ್ಮಿನೂ ಅಂದಿಲ್ರಿ ಸರ್. ತಲಿ ಬಗ್ಗಿಸಿ ತಿಂದು ಎದ್ದು ಹೋಗ್ತಾರ. ನನ್ನ ಕೈಗೆ ಏನಾಗೈತಿ ಅಂತ ನಂಗ ತಿಳೀವಲ್ದು.” ಮೆಣಸಿನಕಾಯಿ ಹರವುತ್ತಿದ್ದ ತಮ್ಮ ಕೈಗಳನ್ನು ಅವರು ಬೇರೆ ಯಾರದೋ ಎಂಬಂತೆ ತಿರುವಿ ನೋಡಿಕೊಂಡರು. ಗಂಡಹೆಂಡಿರ ನಡುವೆ ಮಾತು ನಿಂತಿತ್ತೆಂದಲ್ಲ. ತಾನು ಮಾಡಿದ್ದು ಗಂಡನಿಗೆ ಸೇರುವುದಿಲ್ಲ ಎಂಬ ನಂಬಿಕೆ ಭಾಭಿಯನ್ನು ಒಳಗೇ ತಿನ್ನುತ್ತಿತ್ತು. ನಾನು ಏನೋ ಸಮಾಧಾನ ಹೇಳಿದೆ, ಮುಂದಿನ ಭಾನುವಾರ ಮತ್ತೆ ಸ್ಕೂಟರಿನ ಹಿಂದೆ ಕುಳಿತೆ.

ಹೊರಗೆ ಅವರ ನಾಲಗೆಯ ಕೀರ್ತಿ ಬೆಳೆಯುತ್ತಲೇ ಇತ್ತು. ಬಬಲೇಶ್ವರದಲ್ಲಿ ತಗಡಿನ ಸಣ್ಣ ಹೋಟೆಲು ನಡೆಸುವ ರೇಣವ್ವ ಅವರ ಮಾತಿಗೆ ಕಾಯುತ್ತಿದ್ದಳು. ಒಂದು ದಿನ ಹಿತ್ತಲಿನಿಂದ ಬಂದವರೇ ಒಂದು ಭಜಿ ಕಡಿದು, “ಹೋಲ್ಡಾನ್ ರೇಣವ್ವ. ಎಣ್ಣಿ ಹಳೇದಾಗೈತಿ,” ಎಂದರು. ಆಕೆ ನಾಲಗೆ ಕಚ್ಚಿಕೊಂಡು, “ಯಪ್ಪಾ, ಖರೇ ಹೇಳಿದಿ ನೋಡು! ನಿನ್ನೀದು ಸೋಸಿ ಹಾಕೀನಿ. ನಿನ್ನ ನಾಲಿಗಿ ಅಲ್ಲೋ ಅದು, ತಕ್ಕಡಿ!” ಎಂದು ಕಡಾಯಿಯನ್ನೇ ಇಳಿಸಿಬಿಟ್ಟಳು. ನಾನು ನನ್ನ ಭಜಿಯಲ್ಲಿ ಹಳೆಯ ಎಣ್ಣೆಯನ್ನು ಕಂಡುಹಿಡಿಯಲಾಗದೆ ಧಾರವಾಡದವನೆಂಬ ನನ್ನ ಜಂಬವನ್ನು ನುಂಗಿಕೊಂಡೆ. ಅಂದು ಹಿತ್ತಲಿನ ತಾಟುಗಳಲ್ಲೆಲ್ಲ ಅರ್ಧರ್ಧ ಕಡಿದ ಭಜಿ ಬಿದ್ದಿದ್ದವೆಂಬುದು ನನಗೆ ಎಷ್ಟೋ ಕಾಲದ ಮೇಲೆ ನೆನಪಾಯಿತು.

ಬೇಸಿಗೆ ಕಾಲಿಡುವ ಹೊತ್ತಿನ ಒಂದು ಭಾನುವಾರ ತಿಕೋಟಾದ ಹೋಟೆಲೊಂದಕ್ಕೆ ನಾವೇ ಮೊದಲ ಗಿರಾಕಿಗಳಾಗಿ ಹೋದೆವು. ಎಂದಿನಂತೆ ಹಿತ್ತಲಿಗೆ ಹೋದ ಕುತುಬುದ್ದೀನರು ಬೇಗನೆ ತಿರುಗಿ ಬಂದರು, ಮುಖ ಸಪ್ಪಗಿತ್ತು. ತಾಟುಗಳೆಲ್ಲ ತೊಳೆದು ಬೋರಲು ಹಾಕಿದ್ದವು, ಇನ್ನೂ ಯಾರೂ ತಿಂದಿರಲಿಲ್ಲ. ಇಡ್ಲಿ ಬಂತು. ನಾನು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಅವರು ಒಂದು ಇಡ್ಲಿಯನ್ನು ಚಟ್ನಿಯಲ್ಲಿ ಮುಳುಗಿಸಿ ತಿಂದು, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಮಾಲಕ ಶಿವಶರಣಪ್ಪನವರಿಗೆ ಕೈ ಎತ್ತಿ, “ರೈಟ್!” ಎಂದಿದ್ದರು. ನಾನು ತುತ್ತನ್ನು ಬಾಯಿಗಿಟ್ಟವನು ಉಗುಳಿಬಿಟ್ಟೆ. ಚಟ್ನಿ ಹಳಸಿತ್ತು, ಹುಳಿ ವಾಸನೆ ಮೇಜಿನಾಚೆಗೂ ಬರುತ್ತಿತ್ತು. ಶಿವಶರಣಪ್ಪ ಓಡಿಬಂದು ಮೂಸಿ, “ಅಯ್ಯಯ್ಯ, ನಿನ್ನೀದು ಬಡಿಸ್ಯಾರ್ರಿ! ತಪ್ಪಾತ್ರಿ ಸರ್,” ಎಂದು ಬಟ್ಟಲನ್ನು ಎತ್ತಿಕೊಂಡರು. ಆಮೇಲೆ ಕುತುಬುದ್ದೀನರ ತಾಟಿನ ಕಡೆ ನೋಡಿದರು. ಅಲ್ಲಿ ಚಟ್ನಿಯ ಗುರುತೂ ಉಳಿದಿರಲಿಲ್ಲ.

ಮರಳುವಾಗ ಒಣದ್ರಾಕ್ಷಿಯ ಶೆಡ್ಡುಗಳ ಹತ್ತಿರ ಸ್ಕೂಟರು ನಿಲ್ಲಿಸಿ, ಬಹಳ ಹೊತ್ತು ಹಂದರದ ಕಡೆ ನೋಡಿದರು. ಇಡೀ ಬಯಲು ದ್ರಾಕ್ಷಿಯ ಸಿಹಿ ವಾಸನೆಯಿಂದ ಭಾರವಾಗಿತ್ತು. “ಇಲ್ಲಿ ಏನರ ವಾಸನಿ ಬರ್ತೈತೇನ್ರಿ ಸರ್?” ಎಂದು ಕೇಳಿದರು. ಆಮೇಲೆ ತಾವಾಗಿಯೇ ಎಲ್ಲ ಹೇಳಿದರು. ಜ್ವರ ಇಳಿದ ದಿನವೇ ನಾಲಗೆಯೂ ಮೂಗೂ ಹೋಗಿದ್ದವು. ಬಿಸಿಯೋ ತಣ್ಣಗೋ, ಮೆತ್ತಗೋ ಗರಿಯೋ, ಅಷ್ಟೇ ತಿಳಿಯುತ್ತಿತ್ತು. ಡಾಕ್ಟರು ಬರುತ್ತದೆ ಎಂದಿದ್ದರಂತೆ, ಬರಲಿಲ್ಲ. ಯಾವುದಾದರೂ ಒಂದು ಹೋಟೆಲಿನ ಖಾರವೋ ಒಗ್ಗರಣೆಯೋ ಅದನ್ನು ಎಬ್ಬಿಸೀತೆಂದು ಊರೂರು ಅಲೆದಿದ್ದರು.

“ಹೋಟೆಲ್ನ್ಯಾಗ ನಡೀತೈತ್ರಿ. ಹತ್ತು ಮಂದಿ ತಾಟ ನೋಡಿ ಹೇಳಬಹುದು. ಮನ್ಯಾಗ ಒಂದ ತಾಟು ಇರ್ತೈತಲ್ರಿ ಸರ್. ನಂದು.”

“ಭಾಭೀಗೆ ಹೇಳಿಬಿಡ್ರಲ್ಲ,” ಎಂದೆ.

“ಏನಂತ ಹೇಳ್ಲಿ? ನೀ ಇನ್ನ ಏನ್ ಮಾಡಿ ಹಾಕಿದ್ರೂ ಮಣ್ಣು ತಿಂದಂಗ ಅಂತ ಹೇಳ್ಲಿ? ಆಕಿ ಅಡಿಗಿ ಮಾಡೋದ ಬಿಡ್ತಾಳ್ರಿ. ರುಚಿ ತಿಳೀದ ರೈಟ್ ಅನ್ನಾಕೂ ಬಾಯಿ ಬರವಲ್ದು, ಆಕಿ ಮುಂದ.”

ಪರಿಹಾರವನ್ನು ಸೂಚಿಸಿದವನು ನಾನು. ಈ ಅಪರಾಧ ನನ್ನದು. ಬರುವ ಭಾನುವಾರ ಮನೆಯಲ್ಲೇ ನಾಷ್ಟಾ. ನಾನೂ ಜೊತೆಗೆ ಕೂಡುತ್ತೇನೆ. ಮೊದಲು ನಾನು ತಿನ್ನುತ್ತೇನೆ. ನನ್ನ ತಾಟು ನೋಡಿ ನೀವು ‘ರೈಟ್’ ಅನ್ನಿರಿ. ಅದು ನನ್ನ ನಾಲಗೆಯ ಸತ್ಯ, ಸುಳ್ಳಲ್ಲ. ಎರಡು ವಾರ ಅವರು ಒಪ್ಪಲಿಲ್ಲ. ಮೂರನೆಯ ವಾರ ಒಪ್ಪಿದರು. ಆ ಸುದ್ದಿ ಕೇಳಿ ಸಕೀನಾ ಭಾಭಿಯ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಶನಿವಾರ ತಾವೇ ಹೋಗಿ ಚುರಮುರಿ ಆರಿಸಿ ತಂದರು, ಭಾನುವಾರ ನಸುಕಿನಲ್ಲೇ ಶೇಂಗಾ ಹುರಿಯುವ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂತು.

ಚಾಪೆಯ ಮೇಲೆ ಕುಳಿತೆವು. ನೆನೆಸಿ ಹಿಂಡಿದ ಚುರಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಅಂಚಿಗೆ ಲಿಂಬೆಯ ಹೋಳು. ಭಾಭಿ ಬಾಗಿಲ ಪಕ್ಕ ನಿಂತು ಸೆರಗಿನ ತುದಿಯನ್ನು ಸುತ್ತುತ್ತಿದ್ದರು. ನಾನು ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪಿರಲಿಲ್ಲ. ಕಡಿಮೆಯೆಂದಲ್ಲ, ಒಂದು ಹರಳೂ ಬಿದ್ದಿರಲಿಲ್ಲ. ಮೂರು ವರ್ಷಗಳ ಮೇಲೆ ಒದಗಿದ ಭಾನುವಾರದ ಸಂಭ್ರಮದಲ್ಲಿ ಭಾಭಿ ಉಪ್ಪನ್ನೇ ಮರೆತಿದ್ದರು.

ಹೇಳಬಹುದಾಗಿತ್ತು. ನಕ್ಕು, “ಭಾಭಿ, ಉಪ್ಪು ತರ್ರಿ,” ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮುಖವನ್ನು ನೋಡಿ ನನಗೆ ಧೈರ್ಯ ಸಾಲಲಿಲ್ಲ. ರುಚಿಯಿಂದಲೇ ತಿನ್ನುವವನಂತೆ ತಿಂದೆ, ತಾಟಿನ ಅಂಚನ್ನೂ ಬಳಿದೆ. ಕುತುಬುದ್ದೀನರು ನನ್ನ ಬರಿದಾದ ತಾಟನ್ನು ಒಮ್ಮೆ ಓದಿದರು, ತಮ್ಮ ತಾಟಿನಿಂದ ಒಂದು ತುತ್ತು ತಿಂದರು, ಆಮೇಲೆ ಕಂಠ ಸರಿಮಾಡಿಕೊಂಡು, ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಕೂಗುವ ಅದೇ ದನಿಯಲ್ಲಿ, “ರೈಟ್! ರೈಟ್!” ಎಂದರು.

ಭಾಭಿ ಒಂದು ಕ್ಷಣ ಗೋಡೆಗೆ ಮುಖ ಮಾಡಿ ನಿಂತರು. ಆಮೇಲೆ ತಮಗೊಂದು ತಾಟು ಹಾಕಿಕೊಂಡು, ಮೂರು ವರ್ಷಗಳ ಹಿಂದೆ ಕುಳಿತಿದ್ದ ಜಾಗದಲ್ಲೇ ಕುಳಿತು ಬಾಯಿಗೊಂದು ತುತ್ತಿಟ್ಟರು. ಅಗಿಯುವುದು ನಿಂತಿತು. ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಗಂಡನನ್ನು ನೋಡಿದರು; ಅವರು ನೆಮ್ಮದಿಯಿಂದ ಎರಡನೆಯ ತುತ್ತು ತಿನ್ನುತ್ತಿದ್ದರು. ಕಾಪಾಡಲೆಂದು ಹೋಗಿ ನಾನೇ ಅವರನ್ನು ಹಿಡಿದುಕೊಟ್ಟಿದ್ದೆ.

“ಯಾವಾಗಿಂದ್ರಿ?” ಎಂದರು ಭಾಭಿ, ಬಹಳ ಮೆಲ್ಲಗೆ.

ಕುತುಬುದ್ದೀನರ ಕೈ ತಾಟಿನಲ್ಲೇ ನಿಂತಿತು. ನನ್ನತ್ತ ನೋಡಿದರು, ಎಲ್ಲ ತಿಳಿಯಿತು. “ಜ್ವರ ಬಂದಾಗಿಂದ,” ಎಂದರು.

“ನನ್ನ ಕೈ ಕೆಟ್ಟೈತಿ ಅಂತ ಮೂರು ವರ್ಷ ಅತ್ತೀನ್ರಿ ನಾ. ನಿಮ್ಮ ನಾಲಿಗಿ ಹೋಗೈತಿ ಅಂತ ಒಂದ ಮಾತು ಅಂದಿದ್ರ ಏನ್ ಆಕ್ಕಿತ್ತು?” ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಹೇಳಲಾಗದು, ಎರಡೂ ಇದ್ದವು. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದರು. ನನ್ನ ತಾಟು ಬರಿದಾಗಿತ್ತು, ಅವರದು ತುಂಬಿತ್ತು. ಆದರೂ ಮೊದಲು ಹಾಕಿದ್ದು ಗಂಡನ ತಾಟಿಗೆ, ಉಪ್ಪಿನ ಪರಿವೆಯೇ ಇಲ್ಲದ ಆ ತಾಟಿಗೆ.

ನಾನು ಧಾರವಾಡಕ್ಕೆ ಮರಳಿ ಒಂದು ವರ್ಷವಾಯಿತು. ಇಲ್ಲಿ ಒಳ್ಳೆಯ ಹೋಟೆಲುಗಳಿಗೆ ಬರವಿಲ್ಲ. ಭಾನುವಾರ ಬೆಳಿಗ್ಗೆ ಬಾಗಿಲು ಬಡಿಯುವವರಿಲ್ಲ. ಎಂಟರತನಕ ಮಲಗುವ ಹಕ್ಕು ಮರಳಿ ಸಿಕ್ಕಿದೆ, ಆದರೆ ಆರಕ್ಕೇ ಎಚ್ಚರವಾಗಿ ಕಿವಿಗೊಟ್ಟು ಮಲಗಿರುತ್ತೇನೆ. ಒಂಬತ್ತಕ್ಕೆ, ನನ್ನ ನಾಷ್ಟಾ ಮುಗಿದ ಮೇಲೆ, ಕುತುಬುದ್ದೀನರ ಫೋನು ಬರುತ್ತದೆ. “ಇವತ್ತ ಏನ್ ತಿಂದ್ರಿ ಸರ್? ಸಾವಕಾಶ ಹೇಳ್ರಿ.” ನಾನು ಹೇಳುತ್ತ ಹೋಗುತ್ತೇನೆ. ಅವರು ಅತ್ತ ಸುಮ್ಮನೆ ಕೇಳುತ್ತಾರೆ. ನಾಲಗೆ ಮರಳಿ ಬಂದಿಲ್ಲ, ಬರುತ್ತದೆಂಬ ಆಸೆಯನ್ನು ಅವರೂ ಮಾತಾಡುವುದಿಲ್ಲ, ನಾನೂ ಕೇಳುವುದಿಲ್ಲ. ಅವರು ಈಗ ಭಾನುವಾರ ಎಲ್ಲಿಗೂ ಹೋಗುವುದಿಲ್ಲ.

ಹೋಟೆಲು ಹೋಟೆಲು ತಿರುಗುವವರನ್ನು ನಾವು ನಾಲಗೆಯ ಚಪಲದವರೆಂದು ಸುಲಭವಾಗಿ ನಗುತ್ತೇವೆ. ಅವರಲ್ಲಿ ಕುತುಬುದ್ದೀನರಂಥ ಕೆಲವರಿರುತ್ತಾರೆ: ಊರಿಗೆಲ್ಲ ಹುಸಿ ಮೆಚ್ಚುಗೆಯನ್ನು ಧಾರಾಳವಾಗಿ ಹಂಚಬಲ್ಲವರು, ಒಬ್ಬರೆದುರು ಮಾತ್ರ ಅದನ್ನಾಡಲಾರದೆ ಊರು ಬಿಟ್ಟು ಊರಿಗೆ ಅಲೆಯುವವರು. ಅವರು ಹುಡುಕುವುದು ತಿನಿಸನ್ನಲ್ಲ. ಮನೆಯಲ್ಲಿ ಒಂದು ಮಾತನ್ನು ಮತ್ತೆ ನಿಜವಾಗಿ ಆಡುವ ಯೋಗ್ಯತೆಯನ್ನು. ಕೆಲವರಿಗೆ ಅದು ಸಿಗುವುದೇ ಇಲ್ಲ, ಬೇರೆಯವರ ಬಾಯಿಂದ ಕೇಳಿಯೇ ತೃಪ್ತರಾಗಬೇಕು. ಮೊನ್ನೆಯ ಭಾನುವಾರ ಮಾತಿನ ನಡುವೆ ಅವರು, “ತಡೀರಿ ಸರ್, ತಾಟು ಬಂತು,” ಎಂದು ಫೋನನ್ನು ಪಕ್ಕಕ್ಕಿಟ್ಟರು. ಬಟ್ಟಲಿನ ಸದ್ದಾಯಿತು. ಆಮೇಲೆ ಮೊದಲ ತುತ್ತನ್ನು ತಾವೇ ತಿಂದ ಸಕೀನಾ ಭಾಭಿಯ ದನಿ ಕೇಳಿಸಿತು, ಸ್ಪಷ್ಟವಾಗಿ, “ರೈಟ್. ಈಗ ತಿನ್ರಿ.”