ಬಿಸಿಲು ಕಾಣದ ಪುಸ್ತಕ

ಮರುಳಸಿದ್ದಯ್ಯ ಅಟ್ಟದಿಂದ ಪುಸ್ತಕದ ಗಂಟನ್ನು ಎಳೆದು ಕೆಡವಿದಾಗ ಎದ್ದ ಧೂಳಿಗೆ ಅಂಗಳದಲ್ಲಿದ್ದವರೆಲ್ಲ ಕೆಮ್ಮಿದರು. ಕೆಮ್ಮದವರು ಒಬ್ಬರೇ: ಹಣೆತುಂಬ ವಿಭೂತಿ ಬಳಿಸಿಕೊಂಡು ಚಟ್ಟದಲ್ಲಿ ಕುಳಿತಿದ್ದ ಅವನ ಅಣ್ಣ ನಂದೀಶ್ವರಯ್ಯ.

"ಇವೂ ಅಣ್ಣನ ಜೊತೇಲೆ ಗುಣಿಗೆ ಹೋಗ್ಲಿ ಅತ್ತಿಗೆ. ಇವುಗಳಿಂದ್ಲೇ ಅಲ್ವಾ ಮಗೀನ ಕಳ್ಕಂಡು ಮೂವತ್ತು ವರ್ಷ ಕೊರಗಿದ್ದು."

ಅತ್ತಿಗೆ ಗಂಗರತ್ನಮ್ಮ ಗಂಟನ್ನೇ ನೋಡುತ್ತಿದ್ದಳು. ತಾವರೆಕೆರೆಗೆಲ್ಲ ರಾಗವಾಗಿ ಪುರಾಣ ಓದಿ ಹೇಳುತ್ತಿದ್ದ ರೈತ, ಪ್ಲೇಗಿನ ವರ್ಷದಿಂದೀಚೆಗೆ ಒಂದು ಹಾಳೆ ಮುಟ್ಟಲಿಲ್ಲವೆಂದು ಜನ ನೆನೆದರು. ಯಾರಾದರೂ ಕಾಗದ ತಂದರೂ ಕಣ್ಣು ಕಾಣದು ಎನ್ನುತ್ತಿದ್ದರಂತೆ. ಆ ಕಣ್ಣಿಗೆ ಹೊಲದಾಚೆಯ ಮೊಲ ಕಾಣುತ್ತಿತ್ತು.

*

ಆ ವರ್ಷ ಮನೆಮನೆಯಲ್ಲೂ ಇಲಿ ಸತ್ತು ಬಿದ್ದವು. ಊರು ಖಾಲಿ ಮಾಡಿ ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಮೂರು ತಿಂಗಳು ಊರೊಳಗೆ ಕಾಲಿಡುವಂತಿರಲಿಲ್ಲ. ಹೊರಡುವಾಗ ಯಾವ ಪುಸ್ತಕ ಒಯ್ಯುವುದೆಂದು ಅಪ್ಪ ಮಗಳಿಗೆ ಜಗಳವೇ ಆಯಿತು. ದಪ್ಪ ಪುರಾಣವಾದರೆ ಮೂರು ತಿಂಗಳಿಗೂ ಬರುತ್ತದೆಂದು ಅಪ್ಪ. ಚಿತ್ರವಿರುವ ಕತೆ ಪುಸ್ತಕವೇ ಬೇಕೆಂದು ಒಂಬತ್ತು ವರ್ಷದ ಹೊನ್ನಮ್ಮ. ಅರ್ಧ ಗಳಿಗೆಗೆ ಮುಗಿಯುವುದನ್ನು ಹೊರುವುದೇಕೆಂದು ಅದನ್ನು ಮನೆಯಲ್ಲೇ ಬಿಟ್ಟರು. ಪುರಾಣವನ್ನು ಇಲಿಯ ಸೋಂಕು ಕಳೆಯಲೆಂದು ಮೂರು ದಿನ ಬಿಸಿಲಿಗೆ ಹರವಿ, ಹಾಳೆ ಹಾಳೆ ಕೊಡವಿ, ಆಮೇಲೆ ಗುಡಿಸಲೊಳಗೆ ತಂದರು.

ಮಗಳು ಅತ್ತು ಅತ್ತು ಊಟ ಬಿಟ್ಟಳು. ಹೆತ್ತ ಕರುಳು ಕೇಳಬೇಕಲ್ಲ; ಗಂಡ ಎತ್ತು ಮೇಯಿಸಲು ಹೋದಾಗ ಗಂಗರತ್ನಮ್ಮ ಊರಿಗೆ ಹಾಕಿದ್ದ ಕಳ್ಳಿಬೇಲಿ ನುಸುಳಿ ಮನೆಯ ಬೀಗ ತೆಗೆದಳು. ಅಟ್ಟದ ಮೇಲೆ ಸತ್ತ ಇಲಿಯ ಪಕ್ಕದಲ್ಲೇ ಪುಸ್ತಕವಿತ್ತು. ಸೆರಗಿನಲ್ಲಿ ಸುತ್ತಿ ತಂದಳು. ಬಿಸಿಲಿಗಿಟ್ಟರೆ ಗಂಡನ ಕಣ್ಣಿಗೆ ಬೀಳುತ್ತದೆಂದು ಮಗಳ ಕೌದಿಯೊಳಗೆ ಅಡಗಿಸಿದಳು. ನಾಲ್ಕನೆಯ ದಿನ ಹೊನ್ನಮ್ಮನ ಕಂಕುಳಲ್ಲಿ ಗಡ್ಡೆ ಎದ್ದಿತು.

ಮಗಳನ್ನು ಮಣ್ಣು ಮಾಡಿ ಬಂದ ಸಂಜೆ ಅವಳು ಆ ಪುಸ್ತಕವನ್ನು ಒಲೆಗಿಟ್ಟಳು. ಹೊರಗೆ ಗಂಡ, ನನ್ನ ಪುಸ್ತಕಕ್ಕೆ ಬಿಸಿಲು ಸಾಲಲಿಲ್ಲ, ಮಗಳನ್ನು ನಾನೇ ಕೊಂದೆ ಎಂದು ಎದೆ ಬಡಿದುಕೊಳ್ಳುತ್ತಿದ್ದರು. ನಾಳೆ ಹೇಳೋಣ ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಕೌದಿಯೊಳಗೆ ಹಾಳೆ ಮಗುಚುವ ಸದ್ದು ಮಾತ್ರ ದಿನವೂ ಕೇಳುತ್ತಿತ್ತು, ಅವಳಿಗೊಬ್ಬಳಿಗೇ.

*

ಹೊತ್ತಾಯಿತು, ಎತ್ತಿ ಎಂದು ಜಂಗಮರು ಹೇಳಿದರು. ಮರುಳಸಿದ್ದಯ್ಯ ಗಂಟನ್ನು ಅಣ್ಣನ ಮಡಿಲಿಗಿಡಲು ಬಂದ. ಗಂಗರತ್ನಮ್ಮ ಅದನ್ನು ಕಿತ್ತುಕೊಂಡು ಗಂಡನ ಮುಖದೆದುರು ನಿಂತಳು.

"ಏನೂಂದ್ರೆ, ನಿಮ್ ಪುಸ್ತಕ ಏನೂ ಮಾಡ್ಲಿಲ್ಲ. ಮಗಿಗೆ ಆ ಕತೆ ಪುಸ್ತಕ ತಂದ್ಕೊಟ್ಟೋಳು ನಾನು. ಬಿಸ್ಲಿಗೂ ಇಕ್ಲಿಲ್ಲ. ನಿಮ್ಮನ್ನ ಅಳಾಕ್ ಬುಟ್ಟು ಸುಮ್ಕಿದ್ಬುಟ್ಟೆ."

ಭಜನೆಯ ತಾಳ ನಿಂತಿತು. ಮರುಳಸಿದ್ದಯ್ಯ ಅತ್ತಿಗೆಯ ಮುಖ ನೋಡಲಾರದೆ ಬಿದಿರಿಗೆ ಹೆಗಲು ಕೊಟ್ಟ. ನಾಲ್ವರು ಎತ್ತಿದಾಗ ಚಟ್ಟ ಅಲುಗಿ, ಹೆಣದ ತಲೆ ಮೆಲ್ಲಗೆ ಅವಳ ಕಡೆಗೆ ವಾಲಿತು. ಇನ್ನೊಮ್ಮೆ ಹೇಳು ಎಂದು ಕಿವಿಗೊಟ್ಟವರಂತೆ, ಬೀದಿ ತಿರುಗುವವರೆಗೂ ಅದು ಹಾಗೆಯೇ ವಾಲಿಕೊಂಡು ಹೋಯಿತು.