ಒಂದು ಈಮೇಲಿಗೆ ಇಬ್ಬರು

ಗೆಟ್ಟವಾಡಿಯ ಬೀಜ ಸಂಘಕ್ಕೆ ಇದ್ದದ್ದು ಒಂದೇ ಈಮೇಲ್ ವಿಳಾಸ, ನೋಡುವವರು ಇಬ್ಬರು. ಚಾಮರಾಜನಗರದ ಕಾಲೇಜಿಗೆ ದಿನಾ ಪಾಠ ಮಾಡಲು ಹೋಗುವ ರಂಜಿತ ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದಳು. ನಿವೃತ್ತ ಮೇಷ್ಟ್ರು ಮಹದೇವಪ್ರಸಾದ್ ಸಂಜೆ ಒಂದು ಗಂಟೆ ಕಂಪ್ಯೂಟರ್ ಹಾಕಿ ನೋಡುತ್ತಿದ್ದರು.

ಮೇ ತಿಂಗಳ ಕೊನೆಗೆ ಮೇಷ್ಟ್ರು ತಾಳಮಲೆಗೆ ಮದುವೆಗೆಂದು ಹೋಗಿ ನಾಲ್ಕು ದಿನ ಉಳಿದರು. ಕಂಪ್ಯೂಟರ್ ಆರಿಸುವುದನ್ನು ಮರೆತಿದ್ದರು. ಶುಕ್ರವಾರ ಬಂದು ನೋಡಿದರೆ ಅದರಲ್ಲಿ ತಮಿಳುನಾಡಿನ ಧರ್ಮಪುರಿ ಕಡೆಯ ಹೆಂಗಸರ ಸಂಘದ ಕಾಗದವೊಂದು ಬಂದು ಕೂತಿತ್ತು. ನಿಮ್ಮಲ್ಲಿ ಕರಿರಾಗಿ ಇದೆಯಂತೆ, ನಮ್ಮಲ್ಲಿ ಅದು ತಪ್ಪಿಹೋಗಿ ಇಪ್ಪತ್ತು ವರ್ಷವಾಯಿತು, ಗುರುವಾರದೊಳಗೆ ತಿಳಿಸಿದರೆ ಬಂದು ಒಯ್ಯುತ್ತೇವೆ ಎಂದು ಬರೆದಿದ್ದರು.

"ದಿನಾ ನೋಡ್ತಾನೆ ಇದ್ದೆ ಸಾ, ಏನೂ ಬಂದಿರ್ನಿಲ್ಲ" ಎಂದಳು ರಂಜಿತ. ಅವಳ ತಪ್ಪೇನಿರಲಿಲ್ಲ. ಮೇಷ್ಟ್ರ ಕಂಪ್ಯೂಟರ್ 'ಪಾಪ್' ಎಂಬ ವಿಧಾನದಲ್ಲಿತ್ತು. ಹಾಕಿದ್ದಷ್ಟು ಹೊತ್ತೂ ಹತ್ತು ನಿಮಿಷಕ್ಕೊಮ್ಮೆ ಹೊಸ ಕಾಗದಗಳನ್ನು ಎಳೆದುಕೊಂಡು, ಸರ್ವರಿನಲ್ಲಿದ್ದದ್ದನ್ನು ಅಳಿಸಿಬಿಡುತ್ತಿತ್ತು.

ಕರಿರಾಗಿಯನ್ನು ಹನ್ನೆರಡು ವರ್ಷದಿಂದ ಉಳಿಸಿಕೊಂಡು ಬಂದಿದ್ದ ಶಿವಮಲ್ಲಮ್ಮ ತಾನೇ ಆ ಊರಿಗೆ ಫೋನ್ ಮಾಡಿ ತಮಿಳಿನಲ್ಲಿ ಮಾತಾಡಿದಳು. ನಿನ್ನೆಯವರೆಗೂ ಕಾದು ಇವತ್ತು ಬೆಳಗ್ಗೆ ಬೇರೆ ಬೀಜ ಬಿತ್ತಿದೆವು ಎಂದಿತು ಅತ್ತಲಿನ ದನಿ. ಅದರಲ್ಲಿ ಕೋಪವಿರಲಿಲ್ಲ, ಅದರಿಂದಲೇ ಮೇಷ್ಟ್ರಿಗೆ ಹೆಚ್ಚು ನೋವಾಯಿತು. ಬಾವಿಯ ಪಕ್ಕ ಒಂದು ಪಾತಿಯಷ್ಟು ಜಾಗವಾದರೂ ಇದೆಯೇ ಎಂದು ಶಿವಮಲ್ಲಮ್ಮ ಕೇಳಿದಳು. ಇತ್ತು. ಎರಡು ಸೇರು ಬೀಜ ಮಾರನೇ ದಿನವೇ ಹೊರಟಿತು.

"ಮಳೆಗಾಳಿ ಬಂದ್ರೆ ಮೂರು ದಿನ ನೆಟ್ ಇರಾಕಿಲ್ಲ ಕಣವ್ವ. ಕಾಗ್ದ ನನ್ ಅತ್ರಾನೇ ಇರ್ಲಿ ಅಂತ ಅಂಗ್ ಮಾಡಿದ್ದೆ" ಎಂದರು ಮೇಷ್ಟ್ರು.

"ಐಮ್ಯಾಪ್ ಅನ್ನೋ ವಿಧಾನ ಆಕಿದ್ರೆ ಅಸ್ಲು ಸರ್ವರಲ್ಲೇ ಇರ್ತದೆ ಸಾ, ನಿಮ್ ಅತ್ರಾನೂ ಒಂದು ನಕಲು ಇಟ್ಕಬೋದು. ಆದ್ರೆ ನೀವು ಇಲ್ಲಿ ಅಳಿಸಿದ್ರೆ ಅಲ್ಲೂ ಓಯ್ತದೆ" ಎಂದಳು ರಂಜಿತ.

"ಅದೇ ನಂಗೆ ಭಯ."

ಐಮ್ಯಾಪಿಗೇ ಬದಲಾಯಿಸುವುದು, ಆದರೆ ಯಾರೂ ಏನನ್ನೂ ಅಳಿಸಬಾರದು, ತಿಂಗಳಿಗೊಮ್ಮೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಡಬೇಕು ಎಂದು ಒಪ್ಪಂದವಾಯಿತು.

"ಅದಿರ್ಲಿ, ಇಬ್ರೂ ನೋಡ್ದ ಮೇಲೆ ಉತ್ರ ಬರಿಯೋರ್ಯಾರು?" ಎಂದಳು ಶಿವಮಲ್ಲಮ್ಮ. "ಅವ್ರು ಬರ್ದಿರ್ತರೆ ಅಂತ ಇವ್ಳು, ಇವ್ಳು ಬರ್ದಿರ್ತಳೆ ಅಂತ ಅವ್ರು ಕುಂತ್ಕಂಡ್ರೆ?"

ಇಬ್ಬರಿಗೂ ಇದು ಹೊಳೆದೇ ಇರಲಿಲ್ಲ. ಮೊದಲು ತೆರೆದವರು ಅವತ್ತೇ ಉತ್ತರ ಬರೆಯಬೇಕೆಂದು ಶಿವಮಲ್ಲಮ್ಮನೇ ತೀರ್ಮಾನ ಮಾಡಿದಳು.

ಭಾನುವಾರ ಮೇಷ್ಟ್ರು ಕಂಪ್ಯೂಟರಿನಲ್ಲಿದ್ದ ಆರು ವರ್ಷದ ಹಳೆಯ ಕಾಗದಗಳನ್ನೆಲ್ಲ ಸರ್ವರಿಗೆ ಹಾಕಿದರು. ಅವು ಒಂದೊಂದಾಗಿ ರಂಜಿತಳ ಫೋನಿನಲ್ಲಿ ಕಾಣಿಸಿಕೊಂಡವು. ನಾಲ್ಕು ವರ್ಷದ ಹಿಂದಿನದೊಂದನ್ನು ಅವಳು ಕಂಡಿರಲೇ ಇಲ್ಲ. ಮೇಷ್ಟ್ರು ಓದಿ ಮರೆತಿದ್ದರು. ಕೊಳ್ಳೇಗಾಲದ ಕಡೆಯ ರೈತನೊಬ್ಬ ಬರೆದಿದ್ದ: "ನಿಮ್ಮ ಕರಿರಾಗಿ ಚೆನ್ನಾಗಿ ಬಂತು. ಅರ್ಧವನ್ನು ಹಕ್ಕಿಗಳು ತಿಂದವು. ಉಳಿದದ್ದನ್ನು ಅಮ್ಮ ಮುದ್ದೆಗೆ ಕೊಡುವುದಿಲ್ಲ, ಎಲ್ಲಾ ಬೀಜಕ್ಕೆ ಎತ್ತಿಟ್ಟಿದ್ದಾಳೆ."

ರಂಜಿತ ಅದನ್ನು ಓದಿ ಹೇಳಿದಾಗ ಶಿವಮಲ್ಲಮ್ಮ ನಕ್ಕಳು. "ಒಳ್ಳೇ ಎಂಗ್ಸು ಕಣವ್ವ ಅವ್ಳು. ಇನ್ನೊಂದ್ ಸಲ ಓದು."